ಲಂಚ, ವಶೀಲಿ, ಲಾಬಿ: ಆರೋಗ್ಯ ಕಾನೂನಿನ ಒಂದು ಕಲಮು ಹೇಗೆ ಬದಲಾಗುತ್ತದೆ?

ಪ್ರಶ್ನೆ: ನಾನು ನಿಪ್ಪಾಣಿ ಹತ್ತಿರದ ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಅವ್ವ ಮೂವತ್ತು ವರ್ಷ ಬೀಡಿ ಕಟ್ಟಿದವಳು, ಈಗ ದಮ್ಮಿನಿಂದ ನರಳುತ್ತಿದ್ದಾಳೆ. 2017ರ ನವೆಂಬರಿನಲ್ಲಿ ಆಕೆಯನ್ನು ಬೆಳಗಾವಿಗೆ ಕರೆತಂದಾಗ ವೈದ್ಯರ ಮುಷ್ಕರವೆಂದು ದವಾಖಾನೆಯ ಬಾಗಿಲಿನಿಂದಲೇ ಹಿಂದಿರುಗಬೇಕಾಯಿತು. ರೋಗಿಗಳಿಗಾಗಿ ತಂದ ಕಾನೂನನ್ನು ವೈದ್ಯರ ಲಾಬಿ ದುರ್ಬಲಗೊಳಿಸಿತು ಎಂದು ಆಗ ಓದಿದ್ದೆ. ಬೀಡಿ ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರದ ವಿಷಯದಲ್ಲೂ ಲಾಬಿ ಎಂಬ ಮಾತೇ ಕೇಳಿಬಂತು. ಲಾಬಿ ಎಂದರೆ ಲಂಚವೇ, ವಶೀಲಿಯೇ? ಅದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? ನಮ್ಮಂಥವರ ಮಾತು ಅಲ್ಲಿಗೆ ತಲುಪುವ ದಾರಿ ಯಾವುದು?

ಉತ್ತರ: ನೀವು ಬಳಸಿರುವ ಮೂರು ಪದಗಳನ್ನು ಮೊದಲು ಬಿಡಿಸಿಕೊಳ್ಳೋಣ. ಸರಕಾರಿ ನೌಕರನಿಗೆ ಹಣವನ್ನೋ ಬೇರೆ ಲಾಭವನ್ನೋ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು ಲಂಚ; 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದು ಸಹ ನೇರವಾಗಿ ಅಪರಾಧವಾಗಿದೆ. ಪರಿಚಯದ ಬಲದಿಂದ ತನ್ನೊಬ್ಬನ ಕೆಲಸವನ್ನು ಸರದಿ ತಪ್ಪಿಸಿ ಮುಂದೆ ತರುವುದಕ್ಕೆ ನಮ್ಮ ಕಡೆ ವಶೀಲಿ ಎನ್ನುತ್ತಾರೆ. ಒಂದೇ ಹಿತಾಸಕ್ತಿಯುಳ್ಳ ಜನರು ಸಂಘಟಿತರಾಗಿ ಎಲ್ಲರಿಗೂ ಅನ್ವಯಿಸುವ ನಿಯಮವನ್ನೇ ತಮಗೆ ಬೇಕಾದಂತೆ ಬರೆಯಿಸಲು, ತಿದ್ದಿಸಲು ಅಥವಾ ತಡೆಯಲು ನಡೆಸುವ ಪ್ರಯತ್ನ ಲಾಬಿ. ಮಾತನಾಡುವ ಮತ್ತು ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ಕೊಟ್ಟಿರುವುದರಿಂದ ಇದು ತನ್ನಷ್ಟಕ್ಕೆ ಅಪರಾಧವಾಗುವುದಿಲ್ಲ. ಚಳಿಗಾಲದ ಅಧಿವೇಶನ ನಡೆಯುವಾಗ ಸುವರ್ಣ ವಿಧಾನಸೌಧದ ಹತ್ತಿರ ಕೊಂಡಸಕೊಪ್ಪದಲ್ಲಿ ಸಾಲಾಗಿ ಏಳುವ ಪೆಂಡಾಲುಗಳನ್ನು ನೀವು ನೋಡಿರಬಹುದು. ಕಬ್ಬು ಬೆಳೆಗಾರರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಅಲ್ಲಿ ಕುಳಿತು ಮಾಡುವುದೂ, ಪದದ ನಿಜವಾದ ಅರ್ಥದಲ್ಲಿ, ಲಾಬಿಯೇ. ಅವರಿಗೆ ಆ ಹೆಸರನ್ನು ನಾವು ಕೊಡುವುದಿಲ್ಲ, ಅಷ್ಟೇ.

ಆದರೆ ಪೆಂಡಾಲಿನಲ್ಲಿ ಕುಳಿತವರನ್ನು ಎಲ್ಲರೂ ಕಾಣುತ್ತಾರೆ; ಅವರ ಬೇಡಿಕೆ ಬ್ಯಾನರಿನ ಮೇಲೆ ಬರೆದಿರುತ್ತದೆ. ಸಚಿವಾಲಯದ ಕೋಣೆಯಲ್ಲಿ ಯಾರು ಯಾರನ್ನು ಭೇಟಿಯಾದರು, ಯಾವ ಕಲಮಿನ ಬಗ್ಗೆ ಏನು ಕೇಳಿದರು ಎಂಬುದು ಹಾಗೆ ಕಾಣುವುದಿಲ್ಲ. ಅಮೆರಿಕದಲ್ಲಿ 1995ರ ಕಾಯ್ದೆಯೊಂದರ ಪ್ರಕಾರ ಲಾಬಿ ನಡೆಸುವವರು ಹೆಸರು ನೋಂದಾಯಿಸಿ, ಯಾರ ಪರವಾಗಿ ಎಷ್ಟು ಖರ್ಚು ಮಾಡಿದೆವೆಂದು ನಿಯತವಾಗಿ ತಿಳಿಸಬೇಕು. ನಮ್ಮಲ್ಲಿ ಅಂಥ ಕೇಂದ್ರ ಕಾನೂನೇ ಇಲ್ಲ. ಹೀಗಾಗಿ ಭಾರತದಲ್ಲಿ ಲಾಬಿಯನ್ನು ಅರಿಯುವ ಉಪಾಯ ಬಹುಮಟ್ಟಿಗೆ ಒಂದೇ: ಮಸೂದೆಯ ಮೊದಲ ರೂಪವನ್ನೂ ಕೊನೆಯ ರೂಪವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಯಾವ ಪದ ಬಿದ್ದುಹೋಯಿತು, ಯಾವುದು ಹೊಸದಾಗಿ ಸೇರಿತು ಎಂದು ಪೆನ್ಸಿಲಿನಿಂದ ಗುರುತು ಹಾಕುವುದು. ಬೇಸರದ ಕೆಲಸವೆಂಬುದು ನಿಜ. ಆದರೂ ಮುಷ್ಕರದ ಸುದ್ದಿಗಿಂತ ಹೆಚ್ಚಿನದನ್ನು ಈ ಗುರುತುಗಳು ತಿಳಿಸುತ್ತವೆ.

ನಿಮ್ಮ ಅವ್ವ ಬಾಗಿಲಿನಿಂದ ಹಿಂದಿರುಗಿದ ಆ ನವೆಂಬರನ್ನು ಹೀಗೇ ಓದೋಣ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ನಿಯಂತ್ರಣಕ್ಕೆ ಇರುವುದು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ಅದನ್ನು ಬಲಪಡಿಸಲು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಗಿತ್ತು. ಆರೋಗ್ಯ ಸಚಿವರಾಗಿದ್ದ ಕೆ.ಆರ್. ರಮೇಶ್ ಕುಮಾರ್ 2017ರ ಜೂನ್‌ನಲ್ಲಿ ತಿದ್ದುಪಡಿ ಮಸೂದೆಯನ್ನು ಮಂಡಿಸಿದರು. ಅದು ಉಭಯ ಸದನಗಳ ಜಂಟಿ ಸಮಿತಿಯ ಪರಿಶೀಲನೆಗೆ ಹೋಯಿತು. ಮೊದಲ ರೂಪದಲ್ಲಿ ಮೂರು ಗಟ್ಟಿ ಅಂಶಗಳಿದ್ದವು. ಖಾಸಗಿ ಆಸ್ಪತ್ರೆಗಳ ಚಿಕಿತ್ಸಾ ದರವನ್ನು ಸರಕಾರ ನಿಗದಿಪಡಿಸಬಹುದಾಗಿತ್ತು. ಅದಕ್ಕಿಂತ ಹೆಚ್ಚು ವಸೂಲಿ ಮಾಡಿದವರಿಗೆ ದಂಡದ ಜೊತೆಗೆ ಜೈಲು ಶಿಕ್ಷೆ ಆಗಬಹುದಾಗಿತ್ತು. ರೋಗಿಗಳ ದೂರು ಕೇಳಲು ಜಿಲ್ಲೆಗೊಂದು ಪ್ರತ್ಯೇಕ ಕುಂದುಕೊರತೆ ಸಮಿತಿ ಬರಬೇಕಿತ್ತು.

ಮುಂದಿನ ಕತೆ ನಿಮಗೆ ಗೊತ್ತಿದೆ. ಮಸೂದೆಯನ್ನು ವಿರೋಧಿಸಿ ನವೆಂಬರ್ 3ರಂದು ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. 13ರಂದು ರಾಜ್ಯದ ಮೂಲೆಮೂಲೆಗಳಿಂದ ಸಾವಿರಾರು ವೈದ್ಯರು ಬೆಳಗಾವಿಗೆ ಬಂದಿಳಿದರು. ಸಾಮಾನ್ಯವಾಗಿ ರೈತರೋ ಕಾರ್ಮಿಕರೋ ಕೂರುವ ಜಾಗದಲ್ಲಿ ಬಿಳಿ ಕೋಟು ತೊಟ್ಟವರು ಘೋಷಣೆ ಕೂಗುವುದನ್ನು ಈ ಊರು ಅಂದು ಕಂಡಿತು. ಆ ವಾರದಲ್ಲೇ ರಾಜ್ಯದಾದ್ಯಂತ ಸೇವೆ ಸ್ಥಗಿತವಾಯಿತು, ಹೈಕೋರ್ಟ್ ಮಧ್ಯಪ್ರವೇಶಿಸಿತು, ಮುಖ್ಯಮಂತ್ರಿ ಸಿದ್ದರಾಮಯ್ಯ 17ರಂದು ವೈದ್ಯರ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಿದರು, ಮುಷ್ಕರ ನಿಂತಿತು. ಮಸೂದೆ ಅದೇ ಅಧಿವೇಶನದಲ್ಲಿ ಅಂಗೀಕಾರವನ್ನೂ ಪಡೆಯಿತು. ಆದುದರಿಂದ "ವೈದ್ಯರು ಕಾನೂನನ್ನು ತಡೆದರು" ಎಂಬ ಮಾತು ಸರಿಯಲ್ಲ. ಕಾನೂನು ಬಂತು, ಬಂದ ಕಾನೂನಿನ ಒಳಗೆ ಏನು ಉಳಿದಿತ್ತು ಎಂಬುದನ್ನು ನೋಡಬೇಕು.

ಹೆಚ್ಚು ದರ ವಸೂಲಿಗೆ ಇದ್ದ ಜೈಲು ಶಿಕ್ಷೆ ಬಿದ್ದುಹೋಯಿತು. ದರ ನಿಗದಿಯ ಅಧಿಕಾರವು ಸರಕಾರಿ ಆರೋಗ್ಯ ಯೋಜನೆಗಳ ಅಡಿಯಲ್ಲಿ ಚಿಕಿತ್ಸೆ ಪಡೆಯುವವರ ಮಟ್ಟಿಗೆ ಸೀಮಿತವಾಯಿತು. ಕೈಯಿಂದ ಹಣ ಕಟ್ಟುವ ರೋಗಿಗೆ ಆಸ್ಪತ್ರೆ ತನ್ನ ದರಪಟ್ಟಿಯನ್ನು ಪ್ರದರ್ಶಿಸಿದರೆ ಸಾಕಾಯಿತು. ಪ್ರತ್ಯೇಕ ಕುಂದುಕೊರತೆ ಸಮಿತಿಯ ಬದಲು, ಆಸ್ಪತ್ರೆಗಳನ್ನು ನೋಂದಾಯಿಸುವ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೇ ದೂರು ಕೇಳುವ ಹೊಣೆಯೂ ಸೇರಿತು. ಉಳಿದುಕೊಂಡವುಗಳೂ ಸಣ್ಣವಲ್ಲ: ತುರ್ತು ಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯಬಾರದು, ಬಾಕಿ ಬಿಲ್ಲಿಗಾಗಿ ಮೃತದೇಹವನ್ನು ಹಿಡಿದಿಟ್ಟುಕೊಳ್ಳಬಾರದು, ರೋಗಿಗಳ ಹಕ್ಕುಗಳ ಸನ್ನದನ್ನು ಪಾಲಿಸಬೇಕು.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ವೈದ್ಯರ ಆಕ್ಷೇಪಣೆಗಳೆಲ್ಲವೂ ಸ್ವಾರ್ಥದ್ದಾಗಿರಲಿಲ್ಲ. ಮುಧೋಳದಲ್ಲೋ ಸಿಂದಗಿಯಲ್ಲೋ ಗಂಡ ಹೆಂಡತಿ ಇಬ್ಬರೇ ನಡೆಸುವ ಹತ್ತು ಹಾಸಿಗೆಯ ನರ್ಸಿಂಗ್ ಹೋಮನ್ನೂ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯನ್ನೂ ಒಂದೇ ದರ ಮತ್ತು ಒಂದೇ ಶಿಕ್ಷೆಯಿಂದ ಅಳೆಯುವುದು ಕಷ್ಟ. ಬಿಲ್ಲಿನ ವಿವಾದಕ್ಕೆ ಜೈಲೆಂಬ ಭಯವಿದ್ದರೆ ಕ್ಲಿಷ್ಟ ರೋಗಿಯನ್ನು ಮುಟ್ಟದೆ ಜಿಲ್ಲಾ ಆಸ್ಪತ್ರೆಗೆ ಕಳಿಸುವ ಪ್ರವೃತ್ತಿ ಬೆಳೆಯುತ್ತದೆ. ಸರಕಾರಿ ಆಸ್ಪತ್ರೆಗಳನ್ನೂ ಇದೇ ಕಾಯ್ದೆಯಡಿ ತನ್ನಿ ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು, ಆದರೆ ಅದು ನಡೆಯಲಿಲ್ಲ. ಜೈಲಿನ ಕಲಮು ಹೋದದ್ದಕ್ಕೆ ನಾನು ಮರುಗುವುದಿಲ್ಲ. ಪ್ರತ್ಯೇಕ ದೂರು ಸಮಿತಿ ಹೋದದ್ದು ಮಾತ್ರ ನಿಜವಾದ ನಷ್ಟ. ಪ್ರವಾಹ, ಚುನಾವಣೆ, ಜಮೀನು ದಾಖಲೆಗಳ ನಡುವೆ ಮುಳುಗಿರುವ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಆಸ್ಪತ್ರೆಯ ಬಿಲ್ಲಿನ ದೂರು ಎಷ್ಟನೆಯ ಕಡತವಾಗಿ ಕೂರುತ್ತದೆಂದು ಊಹಿಸಿಕೊಳ್ಳಿ. ಜೈಲಿನ ಬಗ್ಗೆ ಅಷ್ಟೊಂದು ಗದ್ದಲವಾದುದರಿಂದ ಈ ಬದಲಾವಣೆಯನ್ನು ಗಮನಿಸಿದವರು ಕಡಿಮೆ. ಆ ಮಾತುಕತೆಯ ಕೋಣೆಯಲ್ಲಿ ಸರಕಾರವಿತ್ತು, ವೈದ್ಯರಿದ್ದರು. ರೋಗಿಗಳ ಪರವಾಗಿ ದುಡಿಯುವ ಸಂಘಟನೆಗಳು ರಾಜ್ಯದಲ್ಲಿದ್ದರೂ, ಹೊರರೋಗಿ ವಿಭಾಗವನ್ನು ಮುಚ್ಚಿ ಮಾತುಕತೆಗೆ ಎಳೆಯುವ ಶಕ್ತಿ ರೋಗಿಗಳಿಗೆ ಎಲ್ಲಿಂದ ಬರಬೇಕು?

ಬೀದಿಗೆ ಇಳಿಯದೆ ನಡೆಯುವ ಲಾಬಿಗೆ ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಔಷಧ ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಆ ನಿಯಮ ವೈದ್ಯರಿಗೂ "ವೈದ್ಯರ ವೃತ್ತಿಪರ ಸಂಘಗಳಿಗೂ" ಅನ್ವಯಿಸುತ್ತಿತ್ತು. 2016ರ ತಿದ್ದುಪಡಿಯಲ್ಲಿ ಸಂಘಗಳನ್ನು ಕುರಿತ ಆ ಪದಗಳನ್ನು ತೆಗೆದುಹಾಕಲಾಯಿತು. ಇದಕ್ಕಾಗಿ ಯಾರೂ ಮುಷ್ಕರ ಹೂಡಲಿಲ್ಲ, ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿಯೂ ಆಗಲಿಲ್ಲ. ಕಂಪನಿಯೊಂದು ವೈದ್ಯರಿಗೆ ನೇರವಾಗಿ ಕೊಡಲಾಗದ್ದನ್ನು ಅವರ ಸಂಘದ ಸಮ್ಮೇಳನಕ್ಕೆ ಕೊಡಲು ಈ ನಿಯಮದ ಅಡ್ಡಿ ತಪ್ಪಿತು. ಮುಂದೆ ಆ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್ 2ರಂದು ಹೊಸ ನಿಯಮಾವಳಿಯನ್ನು ಪ್ರಕಟಿಸಿ, ಔಷಧಗಳನ್ನು ಕಂಪನಿಯ ಬ್ರ್ಯಾಂಡಿನ ಬದಲು ಜೆನೆರಿಕ್ (ಮೂಲ ಔಷಧದ) ಹೆಸರಿನಲ್ಲೇ ಬರೆಯಬೇಕೆಂದೂ ಕಂಪನಿಗಳು ಪ್ರಾಯೋಜಿಸುವ ಸಮ್ಮೇಳನಗಳಿಂದ ವೈದ್ಯರು ದೂರವಿರಬೇಕೆಂದೂ ಹೇಳಿತು. ವೈದ್ಯರ ಸಂಘವೂ ಔಷಧ ತಯಾರಕರ ಒಕ್ಕೂಟವೂ ವಿರೋಧಿಸಿದವು. ಅದೇ ತಿಂಗಳ 23ರಂದು ಇಡೀ ನಿಯಮಾವಳಿಯನ್ನು ತಡೆಹಿಡಿಯಲಾಯಿತು. ಜೆನೆರಿಕ್ ಔಷಧಗಳ ಗುಣಮಟ್ಟದ ಬಗ್ಗೆ ವೈದ್ಯರು ಎತ್ತಿದ ಶಂಕೆಗೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಒಂದು ಶಂಕೆಯ ನೆರಳಿನಲ್ಲಿ ಸಮ್ಮೇಳನದ ಕಲಮೂ ಸದ್ದಿಲ್ಲದೆ ತಣ್ಣಗಾಯಿತು.

ಇನ್ನು ನಿಮ್ಮ ಊರಿನ ತಂಬಾಕಿನ ವಿಷಯ. ನಿಪ್ಪಾಣಿಯ ಸುತ್ತ ಬೆಳೆಯುವುದು ಬೀಡಿ ತಂಬಾಕು. ಸಿಗರೇಟಿಗೆ ಬಳಸುವ ಮೈಸೂರು ಕಡೆಯ ವರ್ಜೀನಿಯಾ ತಂಬಾಕಿಗೆ 1975ರ ಕಾಯ್ದೆಯ ತಂಬಾಕು ಮಂಡಳಿ ಇದೆ, ಹರಾಜು ಕಟ್ಟೆ ಇದೆ. ನಿಪ್ಪಾಣಿಯ ರೈತನಿಗೆ ಅದರ ಆಸರೆ ಇಲ್ಲ. ವ್ಯಾಪಾರಿಗಳು ಕೊಡುತ್ತಿದ್ದ ದರದ ವಿರುದ್ಧ 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ಇಲ್ಲಿ ಹೆದ್ದಾರಿ ತಡೆದು ದೊಡ್ಡ ಚಳವಳಿ ನಡೆಯಿತು, ಏಪ್ರಿಲ್‌ನಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ನಿಮ್ಮ ಊರಿನ ಹಿರಿಯರಿಗೆ ನೆನಪಿರುತ್ತದೆ. ಅಂದು ರೈತ ಒಂದು ಕಡೆ, ತಂಬಾಕು ವ್ಯಾಪಾರಿ ಇನ್ನೊಂದು ಕಡೆ ನಿಂತಿದ್ದರು. ಮೂರು ದಶಕಗಳ ನಂತರ ಪೊಟ್ಟಣದ ಮೇಲಿನ ಚಿತ್ರದ ಪ್ರಶ್ನೆ ಬಂದಾಗ ತಂಬಾಕು ಉದ್ಯಮ ಮಾತನಾಡಿದ್ದು ಅದೇ ರೈತನ ಹೆಸರಿನಲ್ಲಿ, ಅದೇ ಬೀಡಿ ಕಟ್ಟುವ ಹೆಣ್ಣುಮಗಳ ಹೆಸರಿನಲ್ಲಿ.

ಆ ಚಿತ್ರದ ಕತೆ ಹೀಗಿದೆ. ಪೊಟ್ಟಣದ ಎರಡೂ ಮುಖಗಳ ಶೇಕಡಾ 85 ಭಾಗವನ್ನು ಎಚ್ಚರಿಕೆಯ ಚಿತ್ರ ಮತ್ತು ಬರಹ ಆವರಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಅದಕ್ಕೆ ಮೊದಲು ಇದ್ದದ್ದು ಮುಂಭಾಗದ ಶೇಕಡಾ 40 ಮಾತ್ರ. 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿದ್ದ ಈ ನಿಯಮವನ್ನು ತಡೆಹಿಡಿಯಿರಿ ಎಂದು ಕಾಯ್ದೆಗಳ ಅಡಿಯಲ್ಲಿ ಸರಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವ ಲೋಕಸಭೆಯ ಅಧೀನ ಶಾಸನ ಸಮಿತಿ ಕೆಲವೇ ದಿನ ಮುಂಚೆ ಸೂಚಿಸಿತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಇರುವುದೆಲ್ಲ ವಿದೇಶದ ಅಧ್ಯಯನಗಳು, ಭಾರತದ್ದು ಇಲ್ಲ ಎಂಬರ್ಥದ ಮಾತನ್ನು ಸಮಿತಿಯ ಅಧ್ಯಕ್ಷ ದಿಲೀಪ್ ಗಾಂಧಿ ಆಡಿದರು. ಭಾರತದಲ್ಲೇ ದಶಕಗಳಿಂದ ಇಂಥ ಅಧ್ಯಯನಗಳು ನಡೆದಿರುವುದರಿಂದ ಅದು ತಪ್ಪು ಮಾತಾಗಿತ್ತು. ಸಮಿತಿಯ ಸದಸ್ಯರೊಬ್ಬರು ಸ್ವತಃ ಬೀಡಿ ಉದ್ಯಮಿಯಾಗಿದ್ದರು. ಒಂದು ವರ್ಷ ಹಾಗೆಯೇ ಕಳೆಯಿತು. 2016ರ ಮಾರ್ಚಿನಲ್ಲಿ ಸಮಿತಿ ಸಿಗರೇಟಿಗೆ ಶೇಕಡಾ 50 ಸಾಕೆಂದು ಶಿಫಾರಸು ಮಾಡಿದರೂ ಸರಕಾರ ಏಪ್ರಿಲ್ 1ರಿಂದ ಶೇಕಡಾ 85ನ್ನೇ ಜಾರಿಗೆ ತಂದಿತು. ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಉದ್ಯಮದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟ್ ನಿಯಮವನ್ನು ರದ್ದುಪಡಿಸಿತು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಚಿತ್ರ ಉಳಿಯಿತು.

ಹಾಗಾದರೆ ಉದ್ಯಮ ಸೋತಿತೇ ಎಂದು ನೀವು ಕೇಳಬಹುದು. ತಡವಾದ ಒಂದು ವರ್ಷವೇ ಅದಕ್ಕೆ ಲಾಭ. ತಂಬಾಕಿನ ವಿಷಯದಲ್ಲಿ ಲಾಬಿಯ ಮುಖ್ಯ ಸರಕೇ ಕಾಲ. ನಿಯಮವನ್ನು ಸೋಲಿಸಲಾಗದಿದ್ದರೂ ಮುಂದೂಡಿಸಿದರೆ ಆ ಅವಧಿಯ ಮಾರಾಟ ಕೈಗೆ ಬಂದಂತೆ. ಬೀಡಿಯ ಮಟ್ಟಿಗೆ ಚಿತ್ರಕ್ಕಿಂತ ದೊಡ್ಡ ಗೆಲುವು ತೆರಿಗೆಯಲ್ಲಿದೆ. ವಯಸ್ಕರ ತಂಬಾಕು ಬಳಕೆಯ ಬಗ್ಗೆ 2016-17ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಬೀಡಿ ಸೇದುವವರು ಶೇಕಡಾ 7.7, ಸಿಗರೇಟು ಸೇದುವವರು ಶೇಕಡಾ 4. ಆದರೂ 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿನ ಮೇಲೆ ಬಿದ್ದ ಹೆಚ್ಚುವರಿ ಸೆಸ್ (ಉಪಕರ) ಬೀಡಿಯ ಮೇಲೆ ಬೀಳಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟನ್ನು ಶೇಕಡಾ 40ರ ದರಕ್ಕೆ ಏರಿಸಲು ತೀರ್ಮಾನಿಸಿದ ಸಭೆಯಲ್ಲೇ ಬೀಡಿಯ ದರವನ್ನು ಶೇಕಡಾ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬಡವನ ಧೂಮಪಾನ, ಬಡ ಹೆಂಗಸಿನ ದುಡಿಮೆ ಎಂಬ ವಾದ ಪ್ರತಿ ಸಲವೂ ಮುಂದೆ ಬರುತ್ತದೆ.

ಆ ವಾದದಲ್ಲಿ ಸತ್ಯವಿಲ್ಲವೆಂದಲ್ಲ. ಬೀಡಿ ಬಿಟ್ಟರೆ ಬೇರೆ ದುಡಿಮೆ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ತೆರಿಗೆ ಏರಿಸಿ ಎನ್ನುವುದು ಬೆಳಗಾವಿಯಲ್ಲಿ ಕುಳಿತ ನನ್ನಂಥವರಿಗೆ ಸುಲಭ. ಆದರೆ ಇಳಿದ ತೆರಿಗೆ ಸಾವಿರ ಬೀಡಿಯ ಮಜೂರಿಯಲ್ಲಿ ಕಾಣಿಸಿಕೊಂಡೀತೆ ಎಂದು ನಿಮ್ಮ ಅವ್ವನನ್ನೇ ಕೇಳಿ ನೋಡಿ. ಬೀಡಿ ಕಾರ್ಮಿಕರ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ, ಮನೆ ನಿರ್ಮಾಣದ ನೆರವಿಗೆಂದು 1976ರ ಕಾಯ್ದೆಯಡಿ ಬೀಡಿಯ ಮೇಲೆ ಒಂದು ಕಲ್ಯಾಣ ಸೆಸ್ ಇತ್ತು; ಜಿಎಸ್‌ಟಿ ಬಂದಾಗ ಅದು ರದ್ದಾಯಿತು, ಆ ಯೋಜನೆಗಳು ಬಜೆಟ್ಟಿನ ಹಂಚಿಕೆಯನ್ನು ನೆಚ್ಚಿಕೊಳ್ಳಬೇಕಾಯಿತು. ಬೀಡಿಗೆ ಹೊಸ ಸೆಸ್ ಬೇಡವೆಂದು ಕಾರ್ಮಿಕಳ ಹೆಸರಿನಲ್ಲಿ ಎದ್ದ ಧ್ವನಿ, ಕಾರ್ಮಿಕಳಿಗೇ ಮೀಸಲಾಗಿದ್ದ ಹಳೆಯ ಸೆಸ್ ಹೋದಾಗ ಅಷ್ಟೇ ಎತ್ತರದಲ್ಲಿ ಕೇಳಿಸಲಿಲ್ಲ. ಹಿತಾಸಕ್ತಿ ಗುಂಪು ಯಾರ ಹೆಸರು ಹೇಳುತ್ತದೆ ಮತ್ತು ಯಾವ ಕಲಮನ್ನು ಕೇಳುತ್ತದೆ ಎಂಬ ಎರಡನ್ನೂ ಜೋಡಿಸಿ ನೋಡಬೇಕೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದೇ ಕಾರಣಕ್ಕೆ.

ತಂಬಾಕಿನ ಮಟ್ಟಿಗೆ ಮಾತ್ರ ಲಾಬಿಗೆ ಒಂದು ಬೇಲಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದೆ, ಅದರ 5.3ನೆಯ ವಿಧಿಯು ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕೆನ್ನುತ್ತದೆ. ಉದ್ಯಮದವರನ್ನು ಅಗತ್ಯವಿದ್ದಾಗ ಮಾತ್ರ ಭೇಟಿಯಾಗಬೇಕು, ಭೇಟಿಯ ವಿವರ ದಾಖಲಾಗಬೇಕು ಎಂಬಂಥ ನಡತೆಯ ಸಂಹಿತೆಯನ್ನು ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲಿ ತನ್ನ ಅಧಿಕಾರಿಗಳಿಗೆ ಹೊರಡಿಸಿತು. ಔಷಧ, ಆಸ್ಪತ್ರೆ, ಸಿಹಿ ಪಾನೀಯಗಳ ವಿಷಯದಲ್ಲಿ ಇಂಥ ಬೇಲಿ ಇನ್ನೂ ಬಂದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಕೇಂದ್ರ ಸರಕಾರದ 2014ರ ಶಾಸನಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕರಡು ಕಾನೂನುಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು. ಇದು ನೀತಿಯೇ ಹೊರತು ಕಾನೂನಲ್ಲ, ಹಾಗಾಗಿ ಎಷ್ಟೋ ಸಲ ಪಾಲನೆಯಾಗುವುದಿಲ್ಲ. ರಾಜ್ಯದಲ್ಲಿ ಅನೇಕ ಕಾಯ್ದೆಗಳ ನಿಯಮಗಳನ್ನು ಮೊದಲು ಕರಡಾಗಿ ಕರ್ನಾಟಕ ರಾಜ್ಯಪತ್ರದಲ್ಲಿ ಪ್ರಕಟಿಸಿ, ಇಂತಿಷ್ಟು ದಿನದೊಳಗೆ ಆಕ್ಷೇಪಣೆ ಮತ್ತು ಸಲಹೆ ಕಳಿಸಿ ಎಂದು ಕೇಳಲಾಗುತ್ತದೆ. ರಾಜ್ಯಪತ್ರವನ್ನು ಈಗ ಮೊಬೈಲಿನಲ್ಲೇ ನೋಡಬಹುದು. ಒಮ್ಮೆ ಒಂದು ಕರಡಿಗೆ ಬಂದ ಆಕ್ಷೇಪಣೆಗಳ ಕಡತವನ್ನು ಕಚೇರಿಯೊಂದರಲ್ಲಿ ತಿರುವಿಹಾಕುವ ಅವಕಾಶ ನನಗೆ ಸಿಕ್ಕಿತ್ತು. ಅಂಗೈ ದಪ್ಪದ ಆ ಕಡತದ ಬಹುಪಾಲು ಪತ್ರಗಳು ಸಂಘಗಳ ಲೆಟರ್‌ಹೆಡ್ಡಿನಲ್ಲಿದ್ದವು, ಅವುಗಳ ಒಕ್ಕಣೆಯೂ ಒಂದೇ ಆಗಿತ್ತು, ಊರಿನ ಹೆಸರು ಮತ್ತು ಸಹಿ ಮಾತ್ರ ಬೇರೆ. ಕೊನೆಯಲ್ಲಿ ನೋಟುಪುಸ್ತಕದಿಂದ ಹರಿದ ಗೆರೆಹಾಳೆಯಲ್ಲಿ ಬರೆದ ಎರಡು ಪತ್ರಗಳಿದ್ದವು. ಆ ಎರಡರ ಅಂಚಿನಲ್ಲಿ ಮಾತ್ರ ಅಧಿಕಾರಿಯ ಹಸಿರು ಶಾಯಿಯ ಗುರುತು ಇತ್ತು. ಕಲಮಿನ ಸಂಖ್ಯೆಯನ್ನು ಹೇಳಿ, ಅದರಿಂದ ತಮಗೆ ಆದದ್ದನ್ನು ಬರೆದಿದ್ದವರು ಅವರಿಬ್ಬರೇ.

ಹಾಗಾಗಿ ಬರೆಯುವಾಗ ಕರಡಿನ ಹೆಸರು ಮತ್ತು ದಿನಾಂಕ, ಕಲಮಿನ ಸಂಖ್ಯೆ, ಈಗಿರುವ ಪದ, ಅದರ ಬದಲು ನಿಮಗೆ ಬೇಕಾದ ಪದ, ಇಷ್ಟನ್ನು ಮೊದಲು ಹೇಳಿ. ನಂತರ ದಿನಕ್ಕೆ ಎಷ್ಟು ಬೀಡಿ, ಎಷ್ಟು ಮಜೂರಿ, ಎಷ್ಟು ವರ್ಷದಿಂದ ದಮ್ಮು, ಚಿಕಿತ್ಸೆಗೆ ಎಷ್ಟು ಖರ್ಚಾಯಿತು ಎಂಬುದನ್ನು ಅವ್ವನ ಮಾತಿನಲ್ಲೇ ಬರೆಯಿರಿ. ಯಾವ ಸಂಘದವರು ಇಲಾಖೆಯನ್ನು ಭೇಟಿಯಾಗಿ ಏನು ಸಲ್ಲಿಸಿದರು ಎಂಬುದನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು; ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ಸರಕಾರ ತಾನಾಗಿಯೇ ಪ್ರಕಟಿಸಬೇಕೆಂದು ಆ ಕಾಯ್ದೆಯ 4ನೆಯ ಕಲಮಿನಲ್ಲೇ ಇದೆ. ಆಸ್ಪತ್ರೆಯಿಂದ ತೊಂದರೆಯಾದರೆ, ತುರ್ತು ಹೊತ್ತಿನಲ್ಲಿ ಮುಂಗಡ ಕೇಳಿ ತಡೆದರೆ, 2017ರಲ್ಲಿ ಉಳಿದುಕೊಂಡ ಕಲಮುಗಳ ಅಡಿಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಿ. ಪತ್ರ ಕನ್ನಡದಲ್ಲಿದ್ದರೆ ಸಾಕು, ಅವ್ವ ಸಹಿ ಮಾಡಲಾರದಿದ್ದರೆ ಹೆಬ್ಬೆಟ್ಟು ಒತ್ತಲಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಟಪಾಲು ವಿಭಾಗದಿಂದ ಹೊರಡಿ.